ದರ ಇಳಿದದ್ದು ಯಾರ ಬಿಲ್ಲಿನಲ್ಲಿ?

2025ರ ಸೆಪ್ಟೆಂಬರ್ 3ರಂದು ಸೇರಿದ ಜಿಎಸ್‌ಟಿ ಮಂಡಳಿಯ 56ನೇ ಸಭೆ ಶೇ 12 ಮತ್ತು ಶೇ 28ರ ಹಂತಗಳನ್ನು ಬಹುಪಾಲು ಕೈಬಿಟ್ಟಿತು. ಅದೇ ತಿಂಗಳ 22ರಿಂದ ಹೆಚ್ಚಿನ ಸರಕುಗಳು ಶೇ 5 ಇಲ್ಲವೇ ಶೇ 18ರಲ್ಲಿವೆ. ಕೆಲವಕ್ಕೆ ತೆರಿಗೆಯೇ ಇಲ್ಲ, ಇನ್ನು ಕೆಲವಕ್ಕೆ ಶೇ 40. ಈ ಬದಲಾವಣೆ ಕುರಿತು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳು ಇಲ್ಲಿವೆ.

ತೆರಿಗೆ ಇಳಿಯಿತು ಎಂದು ಟಿ.ವಿ.ಯಲ್ಲಿ ಅಷ್ಟೆಲ್ಲ ಹೇಳಿದರು. ನಮ್ಮ ತಿಂಗಳ ಸಾಮಾನಿನ ಬಿಲ್ಲು ₹5,000 ಇದ್ದದ್ದು ₹4,800 ಆಗಿದೆ, ಅಷ್ಟೇ. ಅಂಗಡಿಯವರು ಮೋಸ ಮಾಡುತ್ತಿದ್ದಾರಾ? – ಗೃಹಿಣಿ, ಶಿರಾ

ಬಹುಶಃ ಇಲ್ಲ. ಬಿಲ್ಲನ್ನು ಮೂರು ಪಾಲು ಮಾಡಿ ನೋಡಿ. ನಂದಿನಿ ಹಾಲು, ತರಕಾರಿ, ಬಿಡಿಯಾಗಿ ತೂಗಿ ಕೊಡುವ ಅಕ್ಕಿ, ರಾಗಿ, ಬೇಳೆಗೆ ಮೊದಲೂ ತೆರಿಗೆ ಇರಲಿಲ್ಲ. ಇಳಿಯುವುದಕ್ಕೆ ಅಲ್ಲಿ ಏನೂ ಇಲ್ಲ. ಅಡುಗೆ ಎಣ್ಣೆ, ಸಕ್ಕರೆ, ಚಹಾಪುಡಿ, ಪ್ಯಾಕೆಟ್ ಮೊಸರು, ಮನೆಯ ಗ್ಯಾಸ್ ಸಿಲಿಂಡರ್ ಮೊದಲೂ ಶೇ 5ರಲ್ಲಿದ್ದವು, ಈಗಲೂ ಅಲ್ಲೇ ಇವೆ. ನಿಜವಾಗಿ ಇಳಿದದ್ದು ಮೂರನೆಯ ಪಾಲು: ಮೈಸೋಪು, ಟೂತ್‌ಪೇಸ್ಟ್, ಶಾಂಪೂ, ತಲೆಗೆ ಹಚ್ಚುವ ಎಣ್ಣೆ, ಬಿಸ್ಕತ್ತು ಶೇ 18ರಿಂದ 5ಕ್ಕೆ, ತುಪ್ಪ, ಬೆಣ್ಣೆ, ಪ್ಯಾಕೆಟ್ ಖಾರಾ ಮಿಕ್ಸ್‌ಚರ್ ಶೇ 12ರಿಂದ 5ಕ್ಕೆ.

ಲೆಕ್ಕದಲ್ಲಿ ಎಲ್ಲರೂ ಎಡವುವುದು ಇಲ್ಲೇ. ಶೇ 18 ಹೋಗಿ ಶೇ 5 ಬಂದರೆ ಎಂಆರ್‌ಪಿ ಶೇ 13ರಷ್ಟು ಇಳಿಯುವುದಿಲ್ಲ. ₹118ರ ವಸ್ತು ₹105 ಆಗುತ್ತದೆ, ಅಂದರೆ ಶೇ 11 ಇಳಿಕೆ. ಶೇ 12ರಿಂದ 5ಕ್ಕೆ ಬಂದರೆ ಇಳಿಕೆ ಶೇ 6.25. ನಿಮ್ಮ ₹5,000ದಲ್ಲಿ ಶೇ 18ರಿಂದ ಇಳಿದ ಸಾಮಾನು ₹1,500, ಶೇ 12ರಿಂದ ಇಳಿದದ್ದು ₹500 ಇದ್ದರೆ ಉಳಿತಾಯ ₹165 ಮತ್ತು ₹31. ಒಟ್ಟು ₹196. ನಿಮ್ಮ ಅಂಗಡಿಯವರ ಲೆಕ್ಕ ಸರಿಯಾಗಿಯೇ ಇದೆ.

ಬಟ್ಟೆ ತೊಳೆಯುವ ಪುಡಿ, ಲಿಕ್ವಿಡ್ ಹ್ಯಾಂಡ್‌ವಾಶ್ ಇಳಿದಿಲ್ಲ, ಅವು ಶೇ 18ರಲ್ಲೇ ಇವೆ. ₹5, ₹10ರ ಪೊಟ್ಟಣಗಳಲ್ಲಿ ಬೆಲೆಯ ಬದಲು ತೂಕ ಹೆಚ್ಚಿಸಿದ ಕಂಪನಿಗಳೂ ಇವೆ, ಗ್ರಾಂ ಓದಿ. ಅಕ್ಕಿಯ ವಿಷಯ ಇನ್ನೊಂದು. 25 ಕೆ.ಜಿ.ವರೆಗಿನ ಮೊಹರು ಮಾಡಿದ, ಲೇಬಲ್ ಹಚ್ಚಿದ ಚೀಲಕ್ಕೆ ಶೇ 5 ತೆರಿಗೆ, ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. 26 ಕೆ.ಜಿ. ಚೀಲ ಮಾರುಕಟ್ಟೆಗೆ ಬಂದ ಗುಟ್ಟು ಇದೇ! ಮನೆಯಲ್ಲಿ ನಾಲ್ಕು ಜನರಿದ್ದರೆ ಅದನ್ನೇ ಕೊಳ್ಳುವುದು ಜಾಣತನ.

ದರ ಇಳಿದ ವಸ್ತುವಿಗೆ ಹಳೆಯ ಬೆಲೆಯನ್ನೇ ಕೇಳಿದರೆ ಬಿಲ್ ಇಟ್ಟುಕೊಂಡು 1915 ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು. ಆದರೆ ಜಿಎಸ್‌ಟಿ ಕಾನೂನಿನ ಲಾಭಕೋರತನ ತಡೆ ವ್ಯವಸ್ಥೆ 2025ರ ಏಪ್ರಿಲ್ 1ರಿಂದ ಹೊಸ ದೂರು ತೆಗೆದುಕೊಳ್ಳುತ್ತಿಲ್ಲ. ದರ ಇಳಿಸುವ ಐದಾರು ತಿಂಗಳ ಮೊದಲು ಈ ಬಾಗಿಲು ಮುಚ್ಚಿದ್ದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ನಾವು ಟೊಮೆಟೊ ಬೆಳೆಗಾರರು. ಟೊಮೆಟೊಗೆ ಜಿಎಸ್‌ಟಿಯೇ ಇಲ್ಲ. ಹಾಗಾದರೆ ಈ ಸುಧಾರಣೆಯಿಂದ ನಮಗೇನು ಬಂತು? – ರೈತ, ಶ್ರೀನಿವಾಸಪುರ ತಾಲ್ಲೂಕು

ಬೆಳೆಗೆ ತೆರಿಗೆ ಇಲ್ಲದಿರುವುದು ಒಂದು ಕಡೆಯಿಂದ ಅನುಕೂಲ, ಇನ್ನೊಂದು ಕಡೆಯಿಂದ ಹೊರೆ. ಕಾರ್ಖಾನೆಯವರು ಕಚ್ಚಾ ಮಾಲಿಗೆ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದು, ಉಳಿದದ್ದನ್ನಷ್ಟೇ ಕಟ್ಟುತ್ತಾರೆ. ಇದಕ್ಕೇ ಕ್ರೆಡಿಟ್ ಎನ್ನುವುದು. ನೀವು ಕ್ರೇಟ್‌ಗೆ, ಮೋಟಾರಿಗೆ ಕೊಟ್ಟ ತೆರಿಗೆ ನಿಮ್ಮ ತಲೆಯ ಮೇಲೇ ಉಳಿಯುತ್ತದೆ. ಹಾಗಾಗಿ ನಿಮ್ಮ ಲಾಭ ನಷ್ಟವನ್ನು ಕೊಳ್ಳುವ ಸಾಮಾನಿನಲ್ಲೇ ಹುಡುಕಬೇಕು.

ಇಳಿದವು: ಟ್ರ್ಯಾಕ್ಟರ್, ಉಳುಮೆಯ ಯಂತ್ರಗಳು, ಹನಿ ಮತ್ತು ತುಂತುರು ನೀರಾವರಿ ಸಾಧನ, ಸೂಕ್ಷ್ಮ ಪೋಷಕಾಂಶ, ಪಟ್ಟಿ ಮಾಡಿದ ಜೈವಿಕ ಕೀಟನಾಶಕಗಳು ಶೇ 12ರಿಂದ 5ಕ್ಕೆ, ಟ್ರ್ಯಾಕ್ಟರ್ ಟೈರು ಶೇ 18ರಿಂದ 5ಕ್ಕೆ. ತೆರಿಗೆ ಬಿಟ್ಟು ₹7 ಲಕ್ಷದ ಟ್ರ್ಯಾಕ್ಟರ್‌ಗೆ ಮೊದಲು ₹84,000 ತೆರಿಗೆ ಇತ್ತು, ಈಗ ₹35,000.

ಇಳಿಯದವು ನಮ್ಮ ಕಡೆಯ ರೈತರಿಗೆ ಹೆಚ್ಚು ನೋವು ಕೊಡುವಂಥವು. ಸಬ್‌ಮರ್ಸಿಬಲ್ ಪಂಪು 2022ರ ಜುಲೈನಲ್ಲಿ ಶೇ 12ರಿಂದ 18ಕ್ಕೆ ಏರಿತ್ತು, ಅಲ್ಲೇ ನಿಂತಿದೆ. ಸಾವಿರ ಅಡಿಗೂ ನೀರು ಸಿಗದ ಕೋಲಾರದಲ್ಲಿ ಪಂಪು ಐಷಾರಾಮದ ವಸ್ತುವಲ್ಲ. ₹60,000ದ ಪಂಪಿಗೆ ತೆರಿಗೆಯೇ ₹10,800. ಮಲ್ಚಿಂಗ್ ಶೀಟು, ಪ್ಲಾಸ್ಟಿಕ್ ಕ್ರೇಟು, ರಾಸಾಯನಿಕ ಕೀಟನಾಶಕ ಎಲ್ಲವೂ ಶೇ 18. ಡೀಸೆಲ್ ಜಿಎಸ್‌ಟಿಯ ಹೊರಗಿದೆ. ಅದರ ಮೇಲಿನ ರಾಜ್ಯದ ಮಾರಾಟ ತೆರಿಗೆ 2025ರ ಏಪ್ರಿಲ್ 1ರಿಂದ ಶೇ 21.17ಕ್ಕೆ ಏರಿತು. ಮಂಡಿಗೆ ಸಾಗಿಸುವ ಬಾಡಿಗೆಯಲ್ಲಿ ಅದು ಕಾಣುತ್ತದೆ.

ಡ್ರಿಪ್ ಹಾಕಿಸುವಾಗ ಒಂದು ಎಚ್ಚರ. ಡ್ರಿಪ್‌ಗೆಂದೇ ಮಾಡಿದ ಲ್ಯಾಟರಲ್ (ಗಿಡದ ಸಾಲಿನುದ್ದಕ್ಕೂ ಹಾಯಿಸುವ ಕೊಳವೆ), ಡ್ರಿಪ್ಪರ್‌ಗಳು ಬಿಡಿಯಾಗಿ ಕೊಂಡರೂ ಡ್ರಿಪ್ ಸಾಧನದ ದರಕ್ಕೇ ಸೇರುತ್ತವೆ ಎಂದು 2021ರಲ್ಲಿ ಕೇಂದ್ರ ಸ್ಪಷ್ಟಪಡಿಸಿದೆ. ಎಲ್ಲ ಕೆಲಸಕ್ಕೂ ಬರುವ ಸಾಮಾನ್ಯ ಪಿವಿಸಿ ಪೈಪಿಗೆ ಮಾತ್ರ ಶೇ 18. ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದು ಶೇ 18 ಹಾಕಿದ ಬಿಲ್ ಕೊಟ್ಟರೆ ಒಪ್ಪಬೇಡಿ. ಸಾಮಾನಿನ ಹೆಸರು, ಎಚ್‌ಎಸ್‌ಎನ್ ಕೋಡ್ (ಸರಕಿನ ಬಗೆ ತಿಳಿಸುವ ಸಂಖ್ಯೆ), ದರ ಪ್ರತ್ಯೇಕ ಸಾಲಿನಲ್ಲಿರಲಿ. ಲ್ಯಾಟರಲ್ ಪಕ್ಕದಲ್ಲಿ 8424 ಎಂದಿರಬೇಕು.

ಗೌರಿಬಿದನೂರಿನಲ್ಲಿ ಪಾತ್ರೆ, ಹಾರ್ಡ್‌ವೇರ್ ಅಂಗಡಿ ಇದೆ. ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಪದ್ಧತಿಯಾದ ಕಾಂಪೋಸಿಷನ್‌ನಲ್ಲಿದ್ದೇನೆ. ಹಿಂದೂಪುರದ ಗಿರಾಕಿಗಳು ಜಾಸ್ತಿ. ಆಂಧ್ರಕ್ಕೆ ಮಾರಿದರೆ ಕಾಂಪೋಸಿಷನ್ ರದ್ದಾಗುತ್ತದೆ ಎಂದು ಒಬ್ಬರು ಹೆದರಿಸಿದರು. ನಿಜವೇ? – ವ್ಯಾಪಾರಿ, ಗೌರಿಬಿದನೂರು

ಅರ್ಧ ನಿಜ. ಬಾಗೇಪಲ್ಲಿ, ಪಾವಗಡ, ಮುಳಬಾಗಿಲು, ಬಂಗಾರಪೇಟೆಯ ಅಂಗಡಿಯವರಿಗೂ ಈ ಉತ್ತರ ಅನ್ವಯಿಸುತ್ತದೆ. ಕಾಂಪೋಸಿಷನ್‌ನಲ್ಲಿ ವರ್ಷಕ್ಕೆ ₹1.5 ಕೋಟಿವರೆಗೆ ವಹಿವಾಟು ಮಾಡಬಹುದು, ಶೇ 1 ಕಟ್ಟಿದರೆ ಸಾಕು. ಆದರೆ ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಹೊರರಾಜ್ಯದಿಂದ ಕೊಳ್ಳಲು ಅಡ್ಡಿಯಿಲ್ಲ.

ಹೊರರಾಜ್ಯದ ಮಾರಾಟ ಯಾವುದು ಎಂಬುದೇ ಪ್ರಶ್ನೆ. ಜಿಎಸ್‌ಟಿ ನೋಂದಣಿ ಇಲ್ಲದ ಗಿರಾಕಿಯ ವಿಷಯದಲ್ಲಿ 2023ರ ಅಕ್ಟೋಬರ್ 1ರಿಂದ ನಿಯಮ ಖಚಿತವಾಗಿದೆ: ಬಿಲ್ಲಿನಲ್ಲಿ ಗಿರಾಕಿಯ ವಿಳಾಸ ಬರೆದಿದ್ದರೆ ಆ ವಿಳಾಸದ ರಾಜ್ಯಕ್ಕೆ ಮಾರಿದಂತೆ, ಬರೆಯದಿದ್ದರೆ ನಿಮ್ಮ ಅಂಗಡಿ ಇರುವ ರಾಜ್ಯದಲ್ಲೇ ಮಾರಿದಂತೆ. ರಾಜ್ಯದ ಹೆಸರೊಂದನ್ನೇ ಬರೆದರೂ ವಿಳಾಸ ಬರೆದಂತೆಯೇ. ಹಿಂದೂಪುರದವರು ಅಂಗಡಿಗೆ ಬಂದು ಪ್ರೆಶರ್ ಕುಕ್ಕರ್ ಕೊಂಡು ಬಸ್ಸು ಹತ್ತಿದರೆ ನಿಮ್ಮ ಕಾಂಪೋಸಿಷನ್‌ಗೆ ಏನೂ ಆಗುವುದಿಲ್ಲ. ಅದೇ ಬಿಲ್ಲಿನಲ್ಲಿ ನಿಮ್ಮ ಹುಡುಗ ಅಭ್ಯಾಸಬಲದಿಂದ ‘ಹಿಂದೂಪುರ, ಆಂಧ್ರ’ ಎಂದು ಬರೆದರೆ ಅದು ಹೊರರಾಜ್ಯದ ಮಾರಾಟವಾಗುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಫೋನ್ ನಂಬರಿನಿಂದ ವಿಳಾಸವನ್ನು ತಾನೇ ತುಂಬುವಂತಿದ್ದರೆ ಅದನ್ನು ಇವತ್ತೇ ನಿಲ್ಲಿಸಿ.

ಹಿಂದೂಪುರದ ಅಂಗಡಿಯವರು ತಮ್ಮ ಜಿಎಸ್‌ಟಿ ನಂಬರ್ ಕೊಟ್ಟು ಸಗಟಾಗಿ ತರಿಸಿಕೊಂಡರೆ ಮಾತ್ರ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಅಂಥ ವ್ಯಾಪಾರ ಬೇಕೆಂದರೆ ಮೊದಲೇ ರೆಗ್ಯುಲರ್‌ಗೆ, ಅಂದರೆ ಸಾಮಾನ್ಯ ಜಿಎಸ್‌ಟಿ ಪದ್ಧತಿಗೆ ಬದಲಾಗಿ. ಬದಲಾಗದೆ ಮಾರಿದ್ದರೆ ಆ ದಿನದಿಂದ 7 ದಿನದೊಳಗೆ ಕಾಂಪೋಸಿಷನ್ ಬಿಡುವ ಸಿಎಂಪಿ-04 ಅರ್ಜಿ ಹಾಕಬೇಕು. 30 ದಿನದೊಳಗೆ ಐಟಿಸಿ-01 ಅರ್ಜಿ ಹಾಕಿದರೆ ಅಂಗಡಿಯಲ್ಲಿರುವ ಸರಕಿಗೆ ಕೊಟ್ಟ ತೆರಿಗೆಯ ಕ್ರೆಡಿಟ್ ಸಿಗುತ್ತದೆ. ಬಹಳ ಜನ ಈ ಎರಡನೆಯದನ್ನು ಮರೆತು ದುಡ್ಡು ಕಳೆದುಕೊಳ್ಳುತ್ತಾರೆ. ವಹಿವಾಟು ₹5 ಕೋಟಿ ಒಳಗಿದ್ದರೆ ರಿಟರ್ನ್ ಮೂರು ತಿಂಗಳಿಗೊಮ್ಮೆ ಸಾಕು, ತೆರಿಗೆ ಹಣ ಮಾತ್ರ ತಿಂಗಳು ತಿಂಗಳು ಕಟ್ಟಬೇಕು.

ಇನ್ನು, ನೋಂದಣಿಯೇ ಇಲ್ಲದ ಸಣ್ಣ ವ್ಯಾಪಾರಿ ತೆರಿಗೆ ಬೀಳುವ ಸರಕನ್ನು ಗಡಿಯಾಚೆ ಮಾರಿದರೆ ₹40 ಲಕ್ಷದ ವಿನಾಯಿತಿ ಸಿಗುವುದಿಲ್ಲ, ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಮೂರು ರಾಜ್ಯಗಳು ಕೂಡುವ ಈ ಭಾಗದಲ್ಲಿ ಸಂತೆಗೆ ಗಡಿ ಗೊತ್ತಿಲ್ಲ, ಕಾನೂನಿಗೆ ಮಾತ್ರ ಗೊತ್ತು. ದರ ಇಳಿಸಿದವರು ಈ ತೊಡಕನ್ನು ಮುಟ್ಟಲೇ ಇಲ್ಲ.

ಹಾಲು, ಬ್ರೆಡ್, ಬಿಸ್ಕತ್ತು, ನೀರಿನ ಬಾಟಲಿ ಮಾರುವ ಅಂಗಡಿ ನನ್ನದು. ವರ್ಷದ ಮಾರಾಟ ₹46 ಲಕ್ಷ. ಅದರಲ್ಲಿ ಹಾಲು ಬ್ರೆಡ್ಡೇ ₹28 ಲಕ್ಷ. ನೋಟಿಸ್ ಬರುತ್ತದೆಂದು ಕ್ಯೂಆರ್ ಕೋಡ್ ತೆಗೆದುಬಿಡಲೇ? – ತುಮಕೂರು

ತೆಗೆಯಬೇಡಿ. ನಗದು ಕೂಡ ಮಾರಾಟವೇ. ಕೋಡ್ ತೆಗೆದರೆ ಗಿರಾಕಿ ಹೋಗುತ್ತಾರೆ, ತೆರಿಗೆ ಹೋಗುವುದಿಲ್ಲ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮಾಹಿತಿ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎರಡು ಮಾತು ಒಂದರೊಳಗೊಂದು ಬೆರೆತವು. ಬರೀ ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸರಕನ್ನೇ ಮಾರುವವರಿಗೆ ಕೋಟಿ ದಾಟಿದರೂ ನೋಂದಣಿ ಬೇಡ. ಆದರೆ ಜೊತೆಗೆ ತೆರಿಗೆ ಬೀಳುವ ಬಿಸ್ಕತ್ತನ್ನೂ ಮಾರಿದರೆ, ₹40 ಲಕ್ಷದ ಮಿತಿಗೆ ಹಾಲಿನ ವಹಿವಾಟೂ ಸೇರುತ್ತದೆ. ನಿಮ್ಮದು ಎರಡನೆಯ ಬಗೆ, ನೋಂದಣಿ ಬೇಕೇ ಬೇಕು. ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು. ಅಲ್ಲೇ ಟೀ ಕಾಸಿ ಕೊಡುತ್ತಿದ್ದರೆ ಅದು ಸೇವೆ ಎನಿಸಿ ಮಿತಿ ₹20 ಲಕ್ಷಕ್ಕೆ ಇಳಿಯುತ್ತದೆ, ಅದೂ ಗಮನದಲ್ಲಿರಲಿ.

ಹೆದರುವಷ್ಟು ತೆರಿಗೆ ಬರುವುದಿಲ್ಲ. ಕಾಂಪೋಸಿಷನ್ ಆರಿಸಿಕೊಂಡರೆ, ಸರಕು ಕೊಂಡು ಮಾರುವವರಿಗೆ ಶೇ 1 ಬೀಳುವುದು ತೆರಿಗೆ ಇರುವ ಸರಕಿನ ಮೇಲೆ ಮಾತ್ರ: ₹18 ಲಕ್ಷಕ್ಕೆ ವರ್ಷಕ್ಕೆ ₹18,000. ಇದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ, ನಿಮ್ಮ ಲಾಭದಿಂದ ಕೊಡಬೇಕು. ತೆರಿಗೆ ಕಟ್ಟಿದ ವಿವರದ ಸಿಎಂಪಿ-08 ಅನ್ನು ಮೂರು ತಿಂಗಳಿಗೊಮ್ಮೆ, ಮುಂದಿನ ತಿಂಗಳ 18ರೊಳಗೆ ಹಾಕಬೇಕು. ಜಿಎಸ್‌ಟಿಆರ್-4 ರಿಟರ್ನ್ ವರ್ಷಕ್ಕೊಮ್ಮೆ, ಜೂನ್ 30ರೊಳಗೆ.

ಹಾಲಿನ ಖರೀದಿ ಚೀಟಿಗಳನ್ನು ದಿನದ ಲೆಕ್ಕದಲ್ಲಿ ಜೋಡಿಸಿಡಿ. ನೋಟಿಸ್ ಬಂದರೆ ನಿಮ್ಮ ಪರ ನಿಲ್ಲುವ ಸಾಕ್ಷಿ ಅದೊಂದೇ. ಅಂಗಡಿಯ ಯುಪಿಐ ಖಾತೆಗೆ ಚೀಟಿ ಹಣ, ಕೈಸಾಲ, ಮಗಳು ಕಳಿಸಿದ ದುಡ್ಡು ಬಾರದಂತೆ ಬೇರೆ ಖಾತೆ ಇಡಿ. ಇಲಾಖೆಗೆ ಕಾಣುವುದು ಒಟ್ಟು ಜಮೆ ಮಾತ್ರ. ಯಾವುದು ವ್ಯಾಪಾರದ್ದು ಎಂದು ತೋರಿಸುವ ಹೊಣೆ ನಿಮ್ಮದಾಗುತ್ತದೆ.

ಸಾವಿರ ಚದರಡಿ ಮನೆ ಕಟ್ಟಿಸಬೇಕು. ಸಿಮೆಂಟ್ ತೆರಿಗೆ ಇಳಿದಿದ್ದರಿಂದ ಎಷ್ಟು ಉಳಿಯುತ್ತದೆ? – ಮಾಲೂರು

ಸಿಮೆಂಟು ಶೇ 28ರಿಂದ 18ಕ್ಕೆ ಬಂದಿದೆ. ತೆರಿಗೆ ಬಿಟ್ಟು ₹300ರ ಚೀಲ ₹384 ಇದ್ದದ್ದು ₹354. ನಾನೂರು ಚೀಲ ಹಿಡಿದರೆ ₹12,000 ಉಳಿತಾಯ. ಕಂಬಿ, ಪೇಂಟು, ಟೈಲ್ಸ್ ಶೇ 18ರಲ್ಲೇ ಇವೆ. ನಿಮ್ಮೂರಿನ ಸುಟ್ಟ ಇಟ್ಟಿಗೆಗೆ ಹಳೆಯ ವ್ಯವಸ್ಥೆಯೇ ಮುಂದುವರಿದಿದೆ: ಗೂಡಿನವರು ಕ್ರೆಡಿಟ್ ಇಲ್ಲದೆ ಶೇ 6, ಇಲ್ಲವೇ ಕ್ರೆಡಿಟ್ ಸಹಿತ ಶೇ 12.

ದೊಡ್ಡ ಹಣ ಇರುವುದು ಕರಾರಿನಲ್ಲಿ. ಒಂಟಿ ಮನೆಗೆ ಬರೀ ಕೂಲಿಯ ಗುತ್ತಿಗೆ ಕೊಟ್ಟರೆ ಆ ಕೂಲಿಗೆ ಜಿಎಸ್‌ಟಿ ಇಲ್ಲ. ಸಾಮಾನು ಸೇರಿಸಿ ಕೊಟ್ಟರೆ ನೋಂದಾಯಿತ ಗುತ್ತಿಗೆದಾರರು ಒಟ್ಟು ಮೊತ್ತಕ್ಕೇ ಶೇ 18 ಹಾಕಬೇಕು; ₹20 ಲಕ್ಷಕ್ಕೆ ₹3.6 ಲಕ್ಷ. ಅವರಿಗೆ ಸಿಮೆಂಟು, ಕಂಬಿಯ ಕ್ರೆಡಿಟ್ ಸಿಗುವುದರಿಂದ ಮೂಲ ದರವನ್ನು ಅಷ್ಟು ಇಳಿಸಿ ಹೇಳಬೇಕು. ಕೊಟೇಶನ್‌ನಲ್ಲಿ ಅದು ಕಾಣದಿದ್ದರೆ ಸಾಮಾನು ನೀವೇ ತಂದುಕೊಡಿ.

ನರಸಾಪುರದಲ್ಲಿ ಇಷ್ಟು ಕಾರ್ಖಾನೆಗಳಿವೆ. ಸ್ಕೂಟರ್ ತೆರಿಗೆ ಇಳಿದು ಮಾರಾಟ ಹೆಚ್ಚಿದರೆ ನಮ್ಮ ಜಿಲ್ಲೆಗೆ ತೆರಿಗೆ ಹಣ ಜಾಸ್ತಿ ಬರುತ್ತದೆಯೇ? – ವಿದ್ಯಾರ್ಥಿ, ವೇಮಗಲ್

ಇಲ್ಲ. ಜಿಎಸ್‌ಟಿ ಹೋಗುವುದು ತಯಾರಾದ ಊರಿಗಲ್ಲ, ಬಳಸುವವರ ರಾಜ್ಯಕ್ಕೆ. ನರಸಾಪುರದ ಸ್ಕೂಟರ್ ಲಖನೌದಲ್ಲಿ ಮಾರಾಟವಾದರೆ ರಾಜ್ಯದ ಪಾಲು ಉತ್ತರ ಪ್ರದೇಶದ್ದು. ತಯಾರಿಕೆ ಹೆಚ್ಚಿರುವ ರಾಜ್ಯಗಳು 2017ರಲ್ಲಿ ಇದಕ್ಕೆ ಒಪ್ಪಿದ್ದು ವರಮಾನ ವರ್ಷಕ್ಕೆ ಶೇ 14ರಷ್ಟು ಬೆಳೆಯದಿದ್ದರೆ ಕೊರತೆ ತುಂಬಿಕೊಡುವ ಪರಿಹಾರದ ಭರವಸೆಯ ಮೇಲೆ. ಐದು ವರ್ಷದ ಆ ಅವಧಿ 2022ರ ಜೂನ್ 30ಕ್ಕೆ ಮುಗಿಯಿತು. ಈ ಬಾರಿಯ ಇಳಿಕೆಗೆ ಅಂಥ ಪರಿಹಾರ ಇಲ್ಲ. ಊರಿಗೆ ಸಿಗುವುದು ಕೆಲಸ, ಕೂಲಿ, ಬಾಡಿಗೆ, ಮತ್ತು ಜಿಎಸ್‌ಟಿಯ ಹೊರಗಿರುವ ಆಸ್ತಿ ತೆರಿಗೆ. ನಿಮ್ಮ ಪಟ್ಟಣ ಪಂಚಾಯಿತಿ ಎಷ್ಟು ವಸೂಲು ಮಾಡುತ್ತಿದೆ ಎಂದು ಕೇಳಿ.

ರೇಷ್ಮೆ ಗೂಡು ಬಿಚ್ಚಿ ನೂಲು ಮಾರುತ್ತೇವೆ. ನೋಂದಣಿ ಮಾಡಿಸಬೇಕೆ? – ರೀಲರ್, ಶಿಡ್ಲಘಟ್ಟ

ಗೂಡಿಗೂ ಹುರಿ ಮಾಡದ ಕಚ್ಚಾ ರೇಷ್ಮೆಗೂ ತೆರಿಗೆ ಇಲ್ಲ. ಹುರಿ ಮಾಡಿದ ನೂಲಿಗೆ ಶೇ 5. ಗೂಡು ಅಥವಾ ಕಚ್ಚಾ ರೇಷ್ಮೆಯಿಂದ ನೀವೇ ನೂಲು ಮಾಡಿ ನೋಂದಾಯಿತ ವ್ಯಾಪಾರಿಗೆ ಮಾರಿದರೆ ಆ ಶೇ 5 ಕಟ್ಟುವ ಹೊಣೆ ಕೊಳ್ಳುವವರದ್ದು. ನಿಮ್ಮ ಮಾರಾಟವೆಲ್ಲ ಇದೇ ಬಗೆಯದ್ದಾದರೆ ನೋಂದಣಿ ಬೇಡ. ತೆರಿಗೆ ಹೆಸರಿನಲ್ಲಿ ಅವರು ನಿಮ್ಮ ದರದಿಂದ ಶೇ 5 ಮುರಿದುಕೊಂಡರೆ ಒಪ್ಪಬೇಡಿ. ಅವರು ಕಟ್ಟಿದ್ದು ಅವರಿಗೇ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ.