ಮಳೆ ಕೈಕೊಟ್ಟ ವರ್ಷ, ಬಂದವರೇ ಕಿತ್ತುಕೊಳ್ಳುವ ಮಾವಿನ ತೋಟದ ಫಸಲು ಏನಾಗುತ್ತದೆ?

ಮುಳಬಾಗಿಲು ಕಡೆಯ ತಮ್ಮ ಎರಡು ಎಕರೆ ಮಾವಿನ ತೋಟಕ್ಕೆ ವಾರಾಂತ್ಯದಲ್ಲಿ ಬೆಂಗಳೂರಿನವರು ಬಂದು, ತಾವೇ ಕಾಯಿ ಕಿತ್ತು, ತೂಗಿಸಿಕೊಂಡು ಹೋಗುವಂತೆ ಮಾಡಬೇಕೆಂದಿದ್ದೀರಿ. ಬರ ಬಂದರೆ ಗತಿಯೇನು, ಬರದಲ್ಲಿ ಹಣ್ಣು ಹೆಚ್ಚು ಸಿಹಿಯಾಗುತ್ತದೆಂಬ ಮಾತು ನಿಜವೇ ಎಂದೂ ಕೇಳಿದ್ದೀರಿ. ಶ್ರೀನಿವಾಸಪುರದ ಬಳಿ ನಾನೂ ಇಂಥದ್ದೇ ಸಣ್ಣ ತೋಟ ನಡೆಸುತ್ತಿರುವುದರಿಂದ ಉತ್ತರಿಸುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಮಳೆ ಯಾವ ತಿಂಗಳಲ್ಲಿ ತಪ್ಪಿತು ಎಂಬುದು. ನವೆಂಬರ್, ಡಿಸೆಂಬರ್‌ನಲ್ಲಿ ನೆಲ ಒಣಗಿ ಚಳಿ ಬಿದ್ದರೆ ಮಾವಿಗೆ ಒಳ್ಳೆಯದೇ. ಆಗ ನೀರು ಸಿಕ್ಕಿದರೆ ಮರ ಹೂವಿನ ಬದಲು ಎಲೆ ಹೊರಡಿಸುತ್ತದೆ. ಆದರೆ ಕೊಯ್ಲು ಮುಗಿದ ಮೇಲೆ, ಅಂದರೆ ಜುಲೈಯಿಂದ ಅಕ್ಟೋಬರ್‌ವರೆಗೆ ಮಳೆ ತಪ್ಪಿದರೆ ಹೊಸ ಚಿಗುರು ಬರುವುದಿಲ್ಲ, ಮತ್ತು ಮುಂದಿನ ಹೂವು ಬರಬೇಕಾದದ್ದು ಆ ಚಿಗುರು ಬಲಿತ ಮೇಲೆಯೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತ್ತು. ನಮ್ಮ ತೋಟದಲ್ಲಿ ಅದರ ಪೆಟ್ಟು ಪೂರ್ಣವಾಗಿ ಕಂಡದ್ದು 2024ರ ಬೇಸಿಗೆಯಲ್ಲಿ, ಅರ್ಧಕ್ಕರ್ಧ ಕೊಂಬೆಗಳು ಹೂವೇ ಇಲ್ಲದೆ ನಿಂತಾಗ. ಬಾದಾಮಿಯಂತಹ ತಳಿ ಮೊದಲೇ ಒಂದು ವರ್ಷ ಬಿಟ್ಟು ಒಂದು ವರ್ಷ ಹೆಚ್ಚು ಕಾಯುವಂಥದ್ದು. ಕಡಿಮೆ ಫಸಲಿನ ಸರದಿಯೂ ಬರವೂ ಒಟ್ಟಿಗೆ ಬಂದರೆ ಮರದಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ.

ಎರಡನೆಯ ಪೆಟ್ಟು ಬೀಳುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಹೀಚು ಉದುರುವುದು ಮಾವಿನ ಸಹಜ ಗುಣ, ಸಾವಿರಾರು ಹೂವುಗಳಲ್ಲಿ ಕಾಯಾಗಿ ನಿಲ್ಲುವುದು ಬೆರಳೆಣಿಕೆಯಷ್ಟು ಮಾತ್ರ. ಆದರೆ ನೆಲದಲ್ಲಿ ತೇವವಿಲ್ಲದೆ ಬಿಸಿಗಾಳಿ ಬೀಸಿದಾಗ ಗೋಲಿ ಗಾತ್ರವನ್ನು ದಾಟಿ ನಿಂತ ಮಿಡಿಗಳೂ ಬೀಳತೊಡಗುತ್ತವೆ. ಬೆಳಿಗ್ಗೆ ಮರದಡಿ ಬಿದ್ದದ್ದನ್ನು ಎತ್ತಿ ನೋಡಿದರೆ ಮೈಯಲ್ಲಿ ಹುಳುವಿನ ತೂತಾಗಲಿ ಕಲೆಯಾಗಲಿ ಇರುವುದಿಲ್ಲ. ತೊಟ್ಟು ಸೇರುವ ಜಾಗ ಮಾತ್ರ ಹಳದಿಯಾಗಿರುತ್ತದೆ, ಹೊರೆ ತಾಳಲಾರದೆ ಮರವೇ ಕೈಬಿಟ್ಟಿದೆ ಎಂದರ್ಥ. ಇರುವ ಅಲ್ಪ ನೀರನ್ನು ಹೂವಿನ ಸಮಯದಲ್ಲಿ ಖರ್ಚು ಮಾಡದೆ, ಹೀಚು ಬಟಾಣಿ ಗಾತ್ರಕ್ಕೆ ಬಂದ ಮೇಲೆ ಹತ್ತು ಹದಿನೈದು ದಿನಗಳಿಗೊಮ್ಮೆ ಪಾತಿಗೆ ಕೊಡುವುದು ಲೇಸು. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಕೋಲಾರ ಜಿಲ್ಲೆಯಲ್ಲಿ ಕೊಳವೆ ಬಾವಿಗಳು ಕೈಕೊಡುವುದೂ ಅದೇ ತಿಂಗಳುಗಳಲ್ಲಿ ಎಂಬುದು ಬೇರೆ ಮಾತು.

ಇನ್ನು ಸಿಹಿಯ ಪ್ರಶ್ನೆ. ನೀರಿನ ಕೊರತೆ ಹದವಾಗಿದ್ದರೆ ಕಾಯಿ ಚಿಕ್ಕದಾಗಿ ರುಚಿ ಗಟ್ಟಿಯಾಗುವುದುಂಟು. ಮಂಡಿಯಲ್ಲಿ ಅಂಥ ಕಾಯಿಯನ್ನು ಗಾತ್ರ ನೋಡಿಯೇ ಪಕ್ಕಕ್ಕೆ ತಳ್ಳುತ್ತಾರೆ. ನಮ್ಮಲ್ಲಿಗೆ ಬರುವವರು ಒಂದು ಹೋಳು ತಿಂದು ನೋಡಿ ಅದನ್ನೇ ಆರಿಸುತ್ತಾರೆ, ಹೀಗಾಗಿ ಈ ಒಂದು ವಿಷಯದಲ್ಲಿ ನಮ್ಮ ಪದ್ಧತಿಗೆ ಲಾಭವಿದೆ. ಕೊರತೆ ಮಿತಿ ಮೀರಿದರೆ ಎಲೆ ಉದುರಿ, ನೆರಳಿಲ್ಲದ ಕಾಯಿಯ ಪಡುವಣ ಮಗ್ಗುಲು ಬಿಸಿಲಿಗೆ ಸುಟ್ಟು, ಬಲಿಯುವ ಮುನ್ನವೇ ಬಣ್ಣ ತಿರುಗುತ್ತದೆ. ಬಣ್ಣ ನೋಡಿ ಕಿತ್ತವರು ಮನೆಯಲ್ಲಿ ಹುಳಿ ತಿನ್ನುತ್ತಾರೆ; ಆದ್ದರಿಂದ ನಾನು ತೂಗುವ ಜಾಗದಲ್ಲಿ ಒಂದು ಬಕೆಟ್ ನೀರು ಇಟ್ಟಿರುತ್ತೇನೆ, ಬಲಿತ ಕಾಯಿ ಮುಳುಗುತ್ತದೆ, ಎಳೆಯದು ತೇಲುತ್ತದೆ. ಬಾದಾಮಿಯಲ್ಲಿ ಮಾತ್ರ ಈ ಪರೀಕ್ಷೆಯೂ ಸಾಲದು: ಕಾದ ನೆಲದಿಂದ ಏಳುವ ಬಿಸಿಯೂ ಸೇರಿ ಕೆಲವು ಕಾಯಿಗಳ ಒಳಗಿನ ತಿರುಳು ಸ್ಪಂಜಿನಂತೆ ಬಿಳಚಿಕೊಂಡಿರುತ್ತದೆ, ಹೊರಗೆ ಯಾವ ಗುರುತೂ ಕಾಣದು. ಮರದಡಿ ಒಣ ಎಲೆಯ ದಪ್ಪ ಹೊದಿಕೆ ಹಾಸಿದರೆ ಇದು ಕಡಿಮೆಯಾಗುತ್ತದೆ, ತೇವವೂ ಉಳಿಯುತ್ತದೆ; ಖರ್ಚಿಗೆ ಹೋಲಿಸಿದರೆ ಇದಕ್ಕಿಂತ ಉತ್ತಮ ಉಪಾಯ ನನಗೆ ಕಂಡಿಲ್ಲ.

ನಮ್ಮಂಥವರಿಗೆ ತೂಕದ ನಷ್ಟಕ್ಕಿಂತ ದೊಡ್ಡದು ದಿನಗಳ ನಷ್ಟ. ಒಳ್ಳೆಯ ವರ್ಷದಲ್ಲಿ ಮೇ ಮಧ್ಯದಿಂದ ಜುಲೈವರೆಗೆ ಒಂದು ತಳಿ ಮುಗಿಯುವ ಹೊತ್ತಿಗೆ ಇನ್ನೊಂದು ಸಿದ್ಧವಾಗುತ್ತದೆ. ಬರದ ವರ್ಷದಲ್ಲಿ ಎಲ್ಲವೂ ಬೇಗ ಬಲಿತು ಕೆಲವೇ ವಾರಗಳಲ್ಲಿ ತೀರುತ್ತದೆ, ಕೈಗೆಟಕುವ ಕೊಂಬೆಗಳು ಮೊದಲು ಬರಿದಾಗುತ್ತವೆ, ಮಕ್ಕಳನ್ನು ಕರೆತಂದವರಿಗೆ ದೋಟಿ ಹಿಡಿದು ನಾವೇ ಕಿತ್ತುಕೊಡಬೇಕಾಗುತ್ತದೆ. ಅದಕ್ಕಾಗಿ ಅವರು ಅಷ್ಟು ದೂರ ಬರುವುದಿಲ್ಲ.

ಆದ್ದರಿಂದ ತಾವು ತೋಟವನ್ನು ಬಾದಾಮಿಯೊಂದರ ಮೇಲೆ ನಿಲ್ಲಿಸಬೇಡಿ. ರಸಪುರಿ, ಮಲ್ಲಿಕಾ, ಬರವನ್ನು ತಕ್ಕಮಟ್ಟಿಗೆ ತಾಳುವ ತೋತಾಪುರಿ ಇವೂ ಇರಲಿ. ಕೃಷಿ ಹೊಂಡಕ್ಕೆ ಸಹಾಯಧನ ಸಿಗುವುದೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಮತ್ತು ಕಾಯಿ ನಿಂಬೆಹಣ್ಣಿನ ಗಾತ್ರ ದಾಟುವವರೆಗೆ ಯಾರಿಂದಲೂ ಮುಂಗಡ ಹಣ ಪಡೆಯಬೇಡಿ, ಏಕೆಂದರೆ ಅಲ್ಲಿಯವರೆಗೆ ಮರದಲ್ಲಿರುವುದನ್ನು ಎಣಿಸಿ ಪ್ರಯೋಜನವಿಲ್ಲ.