2024-25ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಮಿಡ್‌ಫೀಲ್ಡ್ ಎಡವಿದ್ದು ಎಲ್ಲಿ?

ಇಂಗ್ಲೆಂಡಿನ ಅಗ್ರ ಫುಟ್‌ಬಾಲ್ ಲೀಗ್ ಆದ ಪ್ರೀಮಿಯರ್ ಲೀಗನ್ನು ಸತತ ನಾಲ್ಕು ಸಲ ಗೆದ್ದ ಈ ತಂಡ ಆ ವರ್ಷ ಮೂರನೇ ಸ್ಥಾನಕ್ಕೆ ಇಳಿಯಿತು. ಅದರ ಮಿಡ್‌ಫೀಲ್ಡ್‌ನ, ಅಂದರೆ ಮೈದಾನದ ಮಧ್ಯಭಾಗದಲ್ಲಿ ಆಡುವವರ, ಬಲ ಏನಿತ್ತು, ಕೊರತೆ ಏನಿತ್ತು ಅನ್ನುವುದು ಪ್ರಶ್ನೆ.

ಚೆಂಡು ಕಾಲಲ್ಲಿದ್ದಾಗ ಅಂಥ ಕೊರತೆ ಇರಲಿಲ್ಲ. ಡಿ ಬ್ರೂಯ್ನ, ಬರ್ನಾರ್ಡೊ ಸಿಲ್ವಾ, ಗುಂಡೊಗನ್, ಕೊವಾಚಿಚ್, ಎಲ್ಲರೂ ಇಕ್ಕಟ್ಟಿನಲ್ಲೂ ಪಾಸ್ ಕೊಡಬಲ್ಲವರು.

ತೊಂದರೆ ಶುರುವಾಗುತ್ತಿದ್ದದ್ದು ಚೆಂಡು ಕಳೆದುಕೊಂಡ ಕ್ಷಣದಿಂದ. 2024ರ ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ವಿರುದ್ಧ ಆಡುವಾಗ, ಡಿಫೆನ್ಸ್ ಮುಂದೆ ನಿಂತು ಕಾವಲು ಕಾಯುತ್ತಿದ್ದ ಮಿಡ್‌ಫೀಲ್ಡರ್ ರೋಡ್ರಿಯ ಮೊಣಕಾಲಿಗೆ ಗಂಭೀರ ಗಾಯವಾಯಿತು. ಟ್ಯಾಕಲ್ ಮಾಡಿ ಎದುರಾಳಿಯಿಂದ ಚೆಂಡು ಕಸಿಯುವುದಷ್ಟೇ ಅವರ ಕೆಲಸ ಆಗಿರಲಿಲ್ಲ. ತಂಡ ದಾಳಿ ಮಾಡುತ್ತಿರುವಾಗಲೇ, ಚೆಂಡು ಹೋದರೆ ಎದುರಾಳಿ ಯಾವ ಕಡೆಯಿಂದ ನುಗ್ಗುತ್ತಾರೆ ಅಂತ ಊಹಿಸಿ ಅಲ್ಲಿ ನಿಂತಿರುತ್ತಿದ್ದರು. ಗಾಯದಿಂದ ಅವರು ಹೊರಗುಳಿದ ಮೇಲೆ ಡಿಫೆನ್ಸ್ ಮುಂದಿನ ಜಾಗ ಖಾಲಿಯಾಯಿತು. ಕೊವಾಚಿಚ್ ಚೆಂಡು ಎಳೆದುಕೊಂಡು ಮುಂದೆ ಹೋಗುವ ಆಟಗಾರ, ಕಾವಲು ಕಾಯುವ ಸ್ವಭಾವ ಕಡಿಮೆ. ಗುಂಡೊಗನ್‌ಗೆ ಆಗ 34. ಬುದ್ಧಿ ಚುರುಕಾಗಿಯೇ ಇತ್ತು, ಆದರೆ ಹಿಂದಕ್ಕೆ ಓಡಿ ಬರಲು ಕಾಲು ಸಾಲುತ್ತಿರಲಿಲ್ಲ.

ನವೆಂಬರ್‌ನಲ್ಲಿ ಟಾಟನ್‌ಹ್ಯಾಮ್ ತಂಡ ಮ್ಯಾಂಚೆಸ್ಟರ್ ಸಿಟಿಯ ಮೈದಾನದಲ್ಲೇ 4-0ಯಿಂದ ಗೆದ್ದಿತು. ಆ ಪಂದ್ಯ ಸಿಕ್ಕರೆ ಮತ್ತೆ ನೋಡಿ. ಚೆಂಡನ್ನು ಬಿಟ್ಟು, ಸಿಟಿಯ ಸೆಂಟರ್ ಬ್ಯಾಕ್‌ಗಳ (ಡಿಫೆನ್ಸ್‌ನ ನಡುವೆ ಆಡುವವರ) ಮುಂದೆ ಯಾರಿದ್ದಾರೆ ಅಂತ ಮಾತ್ರ ಗಮನಿಸಿ.

ನನ್ನ ಪ್ರಕಾರ ಗಾಯಕ್ಕಿಂತ ದೊಡ್ಡ ತಪ್ಪು, ರೋಡ್ರಿಗೆ ಸರಿಯಾದ ಬದಲಿ ಆಟಗಾರನನ್ನು ಮೊದಲೇ ತಯಾರು ಮಾಡದೇ ಇದ್ದದ್ದು. ಆ ಜಾಗಕ್ಕೆ ಮಿಡ್‌ಫೀಲ್ಡರ್ ನಿಕೊ ಗೊನ್ಸಾಲೆಸ್ ಬಂದದ್ದು 2025ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಲೀಗ್ ಕೈಜಾರಿತ್ತು.