ಎರಡು ಬಿಂದುಗಳಂತೆ ಸೆಳೆಯುವ ಆಕಾರ ಯಾವುದು?

ಪ್ರಶ್ನೆ: ಸಮಸಾಂದ್ರತೆಯ ಗೋಳ, ತನ್ನ ರಾಶಿಯೆಲ್ಲ ಕೇಂದ್ರದಲ್ಲೇ ಇದ್ದ ಹಾಗೆ ಹೊರಗಿನ ವಸ್ತುಗಳನ್ನು ಸೆಳೆಯುತ್ತದೆಂದು ನ್ಯೂಟನ್ ತೋರಿಸಿದ. ರಾಶಿ ಎರಡು ಬಿಂದುಗಳಲ್ಲಿ ಇದ್ದ ಹಾಗೆ ಸೆಳೆಯುವ ಆಕಾರವೂ ಇದೆಯೇ? ಅದು ದೀರ್ಘವೃತ್ತವೇ?

ಉತ್ತರ: ಇದೆ, ಆದರೆ ದೀರ್ಘವೃತ್ತವಲ್ಲ. ನನ್ನ ವಿದ್ಯಾರ್ಥಿಗಳ ಬಾಯಲ್ಲೂ ಮೊದಲು ಬರುವ ಹೆಸರು ಅದೇ. ಎರಡು ನಾಭಿ ಇದೆಯಲ್ಲ, ಆಸೆ ಸಹಜ! ಆದರೆ ದೀರ್ಘವೃತ್ತದ ಸೆಳೆತಕ್ಕೆ ಸಮ ಬರಬೇಕಾದರೆ ರಾಶಿಯನ್ನು ನಾಭಿಗಳ ನಡುವಿನ ಗೆರೆಯುದ್ದಕ್ಕೂ ಹರಡಬೇಕು. ಅದೂ ನಟ್ಟನಡುವೆ ದಟ್ಟವಾಗಿ. ನಾಭಿ ತಲುಪುವಷ್ಟರಲ್ಲಿ ಸೊನ್ನೆ.

ಸಮತಲದಲ್ಲೇ, ಸೆಳೆತ ದೂರದ ವ್ಯುತ್ಕ್ರಮದಂತೆ ಇಳಿಯುತ್ತದೆಂದು ಹಿಡಿದು, ಲೆಕ್ಕ ಹಾಕೋಣ. ಇಲ್ಲಿ ಗೋಳದ ಪಾತ್ರ ಬಿಲ್ಲೆಯದು. ತ್ರಿಜ್ಯ 1.5 ಇರುವ ಎರಡು ಬಿಲ್ಲೆಗಳನ್ನು ಕೇಂದ್ರಗಳ ಅಂತರ 2 ಇರುವಂತೆ ಇಡಿ. ಒಂದರ ಮೇಲೊಂದು ಬಿದ್ದ ಕಡೆ ಸಾಂದ್ರತೆ ಇಮ್ಮಡಿ. ಆ ಹೆಚ್ಚುವರಿಯನ್ನು, ದೂರದ ಸೆಳೆತ ಕದಲದಂತೆ, ಅಂಚಿನಾಚೆಗೆ ಗುಡಿಸುತ್ತ ಹೋಗಿ. ಎಲ್ಲೆಡೆ ಸಾಂದ್ರತೆ 1 ಆದಾಗ ಉದ್ದ 5ರಿಂದ ಸುಮಾರು 5.1ಕ್ಕೆ ಏರಿರುತ್ತದೆ, ಅಷ್ಟೇ. ಸೊಂಟ ಮಾತ್ರ 2.24ರಿಂದ 3.16ಕ್ಕೆ ತುಂಬಿಕೊಳ್ಳುತ್ತದೆ. ನಡುವೆ ಕೊಂಚವೇ ತಗ್ಗಿದ ಈ ಆಕೃತಿಯೇ ಕಾರ್ಲ್ ನ್ಯೂಮನ್ 1908ರಲ್ಲಿ ವಿವರಿಸಿದ ಅಂಡಾಕೃತಿ. ಇದರ ಹೊರಗೆಲ್ಲ ಸೆಳೆತ ಆ ಎರಡು ಕೇಂದ್ರಗಳದ್ದೇ. ನಿಮ್ಮ ಊಹೆ ಪೂರ್ತಿ ವ್ಯರ್ಥವಲ್ಲ ಅನ್ನಿ: ದೀರ್ಘವೃತ್ತದ ಪ್ರತಿ ಬಿಂದುವನ್ನೂ ಅದೇ ದಿಕ್ಕಿನಲ್ಲಿ, ಕೇಂದ್ರದಿಂದಿರುವ ದೂರದ ವ್ಯುತ್ಕ್ರಮಕ್ಕೆ ಸರಿಸಿದರೆ ಸಿಗುವುದು ಇದೇ ವಕ್ರರೇಖೆ.

ಇಂಥ ಆಕಾರಗಳಿಗೆ ಕ್ವಾಡ್ರೇಚರ್ ಡೊಮೇನ್ ಎನ್ನುತ್ತಾರೆ. ಬಿಂದು ಒಂದೇ ಆದರೆ ವೃತ್ತದ ಹೊರತು ಬೇರೆ ಆಕಾರವಿಲ್ಲ. 1972ರಲ್ಲಿ ಕುರಾನ್ ಇದಕ್ಕೆ ಕೊಟ್ಟ ರುಜುವಾತು ಎರಡೇ ಪುಟದ್ದು. ಬಿಂದುಗಳು ಎಷ್ಟೇ ಇರಲಿ, ಅನಂತವಾಗಿರದಿದ್ದರೆ ಸಾಕು, ಅಂಚು ಬಹುಪದ ಸಮೀಕರಣವೊಂದಕ್ಕೆ ಒಳಪಟ್ಟಿರುತ್ತದೆಂದು ಅಹರೊನೊವ್ ಮತ್ತು ಶಪಿರೊ 1976ರಲ್ಲಿ ತೋರಿಸಿದರು. ನನಗೆ ಇಡೀ ವಿಷಯದಲ್ಲಿ ಅತಿ ಬೆರಗಿನ ಮಾತು ಇದು. ಅಂಚು ಎಲ್ಲಿದೆ ಎಂಬುದೇ ಗೊತ್ತಿಲ್ಲದೆ ಹೊರಟ ಲೆಕ್ಕ ಇದು (ಹಾಗಾಗಿಯೇ 'ಮುಕ್ತ ಗಡಿ' ಸಮಸ್ಯೆ). ಅಂಥದ್ದರಲ್ಲಿ ಇಷ್ಟು ಶಿಸ್ತು!

ಕಣ್ಣಾರೆ ನೋಡಬೇಕೆಂದರೆ, ತೀರ ಹತ್ತಿರ ಇಟ್ಟ ಎರಡು ಗಾಜಿನ ಫಲಕಗಳ ನಡುವೆ, ಎರಡು ತೂತುಗಳಿಂದ ಒಂದೇ ವೇಗದಲ್ಲಿ ಗ್ಲಿಸರಿನ್ ಬಿಡಿ. ಎರಡು ವೃತ್ತಗಳು ಬೆಳೆದು, ಮುಟ್ಟಿ, ಬೆಸೆಯುತ್ತವೆ. ಮೇಲ್ಮೈ ಬಿಗಿತವನ್ನು ಕಡೆಗಣಿಸಿದರೆ ಅಂಚು ನ್ಯೂಮನ್ನನ ವಕ್ರರೇಖೆಯೇ. ಇದರ ಹಿಂದಿನ ಗಣಿತವನ್ನು ರಿಚರ್ಡ್‌ಸನ್ 1972ರಲ್ಲಿ ಬಿಡಿಸಿದ. ಆದರೆ ದ್ರವವನ್ನು ವಾಪಸ್ ಹೀರುವ ಲೆಕ್ಕ ಬೇರೆಯೇ. ಅಂಚು ಒಮ್ಮೊಮ್ಮೆ ಸೂಜಿಮೊನೆಯಂತೆ ಚೂಪಾಗಿಬಿಡುತ್ತದೆ, ಅಲ್ಲಿಗೆ ಸಮೀಕರಣ ಕೈಚೆಲ್ಲುತ್ತದೆ.